ಮೈದಾನದಂಚಿನ ಮೇಜಿಗೆ ನಿಮ್ಮ ಒಂದು ದಿನ ಕೊಡಿ

ಹೋಬಳಿ ಮಟ್ಟದ ಕ್ರೀಡಾಕೂಟ ಮುಗಿದ ಸಂಜೆ ಭರಮಸಾಗರದಿಂದ ಚಿತ್ರದುರ್ಗಕ್ಕೆ ಮೊದಲು ಹೋಗುವುದು ಒಂದು ಕಾಗದ. ಕಬಡ್ಡಿಯಲ್ಲಿ ಯಾವ ಶಾಲೆ ಗೆದ್ದಿತು, ಖೋ ಖೋ ಯಾರ ಪಾಲಾಯಿತು, ನೂರು ಮೀಟರ್ ಓಟದಲ್ಲಿ ಮೊದಲು ಬಂದ ಹುಡುಗಿ ಯಾರು ಎಂಬುದೆಲ್ಲ ಅದರಲ್ಲಿರುತ್ತದೆ. ಅದರಲ್ಲಿ ಹೆಸರಿದ್ದವರು ತಾಲ್ಲೂಕು ಮಟ್ಟಕ್ಕೆ ಹೋಗುತ್ತಾರೆ; ಅಲ್ಲಿ ಗೆದ್ದರೆ ಜಿಲ್ಲೆ, ವಿಭಾಗ, ರಾಜ್ಯ. ಹೆಸರಿಲ್ಲದವರ ಆಟ ಆ ವರ್ಷಕ್ಕೆ ಅಲ್ಲಿಗೇ ಮುಗಿಯಿತು. ಶಾಲಾ ಕ್ರೀಡೆಗಳಲ್ಲಿ 14 ವರ್ಷದೊಳಗಿನವರು, 17 ವರ್ಷದೊಳಗಿನವರು ಎಂದು ವಯಸ್ಸಿನ ಗೆರೆ ಇದೆ. ಈ ವರ್ಷ ತಪ್ಪಿದ ಮಗು ಮುಂದಿನ ವರ್ಷ ಗೆರೆ ದಾಟಿ ತನಗಿಂತ ದೊಡ್ಡವರ ಎದುರು ನಿಲ್ಲಬೇಕಾಗಬಹುದು.

ಆ ಕಾಗದ ತುಂಬುವುದು ಮೈದಾನದ ಅಂಚಿನ ಒಂದು ಮೇಜಿನ ಮೇಲೆ. ಅಲ್ಲಿ ಕೂರುವವರು ಸ್ಕೋರರ್ ಮತ್ತು ಟೈಮ್‌ಕೀಪರ್. ಈಗ ಈ ಕೆಲಸವನ್ನೆಲ್ಲ ಬೇರೆ ಬೇರೆ ಶಾಲೆಗಳಿಂದ ಬಂದ ದೈಹಿಕ ಶಿಕ್ಷಣ ಶಿಕ್ಷಕರೇ ಹಂಚಿಕೊಂಡು ಮಾಡುತ್ತಾರೆ. ಬೆಳಿಗ್ಗೆ ಸುಣ್ಣದ ಗೆರೆ ಹಾಕಿದವರೇ ಹತ್ತು ಗಂಟೆಗೆ ಸೀಟಿ ಊದುತ್ತಾರೆ, ಮಧ್ಯಾಹ್ನ ತಮ್ಮ ಶಾಲೆಯ ಮಕ್ಕಳಿಗೆ ಊಟ ಆಯಿತೇ ಎಂದು ನೋಡುತ್ತಾರೆ, ನಡುವೆ ಸ್ಕೋರ್‌ಶೀಟ್ ಬರೆಯುತ್ತಾರೆ. ಎಷ್ಟೋ ಸಣ್ಣ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕರೇ ಇಲ್ಲದ್ದರಿಂದ ಇರುವ ಕೆಲವರ ಮೇಲೆ ಎಲ್ಲ ಭಾರ. ನಾಲ್ಕು ಅಂಕಣಗಳಲ್ಲಿ ಒಟ್ಟಿಗೆ ಆಟ ನಡೆಯುವಾಗ ಮೇಜಿಗೆ ಜನ ಸಾಲುವುದಿಲ್ಲ. ಓದು ಬರಹ ಬಲ್ಲ, ಒಂದು ದಿನ ಬಿಡುವಿರುವ ಊರಿನವರು ನೆರವಾಗಬಹುದಾದ ಜಾಗ ಇದೇ. ಪದವಿ ಓದುತ್ತಿರುವವರು, ಅಂಗಡಿಯನ್ನು ಒಂದು ದಿನ ತಮ್ಮನಿಗೆ ಒಪ್ಪಿಸಬಲ್ಲವರು, ನಿವೃತ್ತ ಮೇಷ್ಟ್ರುಗಳು, ಹಿಂದೆ ಖೋ ಖೋ ಆಡಿ ಈಗ ಮನೆ ನಡೆಸುತ್ತಿರುವ ಹೆಣ್ಣುಮಕ್ಕಳು, ಎಲ್ಲರಿಗೂ ಇದು ಸಾಧ್ಯ. ಸಿರಿಗೆರೆ, ಕೋಗುಂಡೆ, ಬಹದ್ದೂರಘಟ್ಟ, ಯಾವ ಊರಿನವರಾದರೂ ಸರಿ.

ಹೊರದೇಶಗಳಲ್ಲಿ ಇದು ರೂಢಿಯಾಗಿಬಿಟ್ಟಿದೆ. ಅಮೆರಿಕ, ಕೆನಡಾಗಳಲ್ಲಿ ಲ್ಯಾಕ್ರೋಸ್ ಎಂಬ ಆಟವಿದೆ. ಕೋಲಿನ ತುದಿಗೆ ಕಟ್ಟಿದ ಬಲೆಯಲ್ಲಿ ಚೆಂಡು ಹಿಡಿದು ಎಸೆಯುವ, ಅಲ್ಲಿನ ಮೂಲನಿವಾಸಿಗಳಿಂದ ಬಂದ ಆಟ ಅದು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲೂ ಇರಲಿದೆ. ಅಲ್ಲಿ ಮಕ್ಕಳ ಪಂದ್ಯ ನಡೆದಾಗ ಸ್ಕೋರು ಬರೆಯಲು, ಗಡಿಯಾರ ನೋಡಲು ಆಟಗಾರರ ತಂದೆತಾಯಂದಿರೇ ಸರದಿಯ ಮೇಲೆ ಕೂರುತ್ತಾರೆ. ನಮ್ಮ ಕಡೆ ತಂದೆತಾಯಿ ಮೈದಾನಕ್ಕೆ ಬಂದರೆ ಗೆರೆಯಾಚೆ ನಿಂತು ಕೂಗುತ್ತಾರೆ. ಕೂಗುವುದೂ ಬೇಕು. ಆದರೆ ಬಂದವರಲ್ಲಿ ನಾಲ್ವರು ಮೇಜಿನ ಬಳಿ ಕೂತರೆ ಆಗುವ ಉಪಕಾರ ದೊಡ್ಡದು.

ಯಾರನ್ನು ಕೇಳಬೇಕು

ಶಾಲಾ ಕ್ರೀಡಾಕೂಟ ಶಾಲಾ ಶಿಕ್ಷಣ ಇಲಾಖೆಯದು. ತೀರ್ಪುಗಾರರನ್ನು ನೇಮಿಸುವುದು ಅವರೇ, ಸಹಿ ಹಾಕುವುದೂ ಅವರೇ. ಆದ್ದರಿಂದ ನೀವು ಹೋಗುವುದು ಸಹಾಯಕರಾಗಿ. ಸಾಮಾನ್ಯವಾಗಿ ಹೋಬಳಿ ಕ್ರೀಡಾಕೂಟಗಳು ಜುಲೈ–ಆಗಸ್ಟ್ ಹೊತ್ತಿಗೆ ನಡೆಯುತ್ತವೆ. ಶಾಲೆ ಶುರುವಾದ ಕೆಲವು ವಾರಗಳಲ್ಲೇ ಹತ್ತಿರದ ಹೈಸ್ಕೂಲಿನ ಪಿ.ಟಿ. ಮೇಷ್ಟ್ರನ್ನು ಕಂಡು, ‘ಸಾರ್, ಈ ಸಲ ಸ್ಕೋರ್ ಬರೆಯೋಕೆ ನಾನು ಬರ್ತೀನಿ, ಮೊದಲೇ ಒಂದೆರಡು ದಿನ ಕಲಿಸಿಕೊಡಿ’ ಎಂದು ಕೇಳಿ. ಕ್ರೀಡಾಕೂಟದ ಬೆಳಿಗ್ಗೆ ನೇರ ಮೈದಾನಕ್ಕೆ ಹೋಗಿ ಕೇಳಿದರೆ ಅವರಿಗೆ ಕಲಿಸಲು ಪುರುಸೊತ್ತು ಇರುವುದಿಲ್ಲ. ಶಾಲೆಯ ಸಂಜೆಯ ಅಭ್ಯಾಸ ಪಂದ್ಯಗಳಲ್ಲಿ ಬರೆದು ನೋಡುವುದೇ ಒಳ್ಳೆಯ ತರಬೇತಿ. ಟಿ.ವಿ.ಯಲ್ಲಿ ಪ್ರೊ ಕಬಡ್ಡಿ ಬಂದಾಗ ಪರದೆಯ ಮೂಲೆಯ ಸ್ಕೋರನ್ನು ಕಾಗದದಿಂದ ಮುಚ್ಚಿಕೊಂಡು ನೀವೇ ಬರೆಯುತ್ತಾ ಹೋಗಿ, ಅರ್ಧ ಆಟಕ್ಕೆ ತೆಗೆದು ತಾಳೆ ನೋಡಿ. ಎರಡು ಪಂದ್ಯ ಹೀಗೆ ಬರೆದರೆ ನಿಮ್ಮ ಕಣ್ಣು ಎಲ್ಲಿ ತಪ್ಪುತ್ತದೆ ಎಂಬುದು ನಿಮಗೇ ಗೊತ್ತಾಗುತ್ತದೆ.

ಗಣೇಶನ ಹಬ್ಬ, ದಸರಾ, ರಾಜ್ಯೋತ್ಸವಕ್ಕೆ ಯುವಕ ಸಂಘಗಳು ನಡೆಸುವ ಪಂದ್ಯಾವಳಿಗಳಲ್ಲಿ ಅವಕಾಶ ಇನ್ನೂ ಸುಲಭ. ಆದರೆ ಅಲ್ಲಿ ಬಹುಮಾನದ ಹಣ ಇರುತ್ತದೆ, ರಾತ್ರಿ ಪಂದ್ಯ ಇರುತ್ತದೆ, ಜಗಳವೂ ಜೋರು. ಮಕ್ಕಳ ಆಟದಲ್ಲಿ ಕಲಿತು ಅಲ್ಲಿಗೆ ಹೋಗುವುದು ವಾಸಿ.

ಕಬಡ್ಡಿ ಮೇಜು

ನಮ್ಮ ಭಾಗದಲ್ಲಿ ಅತಿ ಹೆಚ್ಚು ಜನ ಸೇರುವುದು ಕಬಡ್ಡಿಗೆ. ಅತಿ ಹೆಚ್ಚು ತಕರಾರು ಏಳುವುದೂ ಅಲ್ಲೇ. ಹಾಗಾಗಿ ಇದನ್ನು ಚೆನ್ನಾಗಿ ಕಲಿಯಬೇಕು.

ನಿಯಮದ ಪ್ರಕಾರ ಒಂದು ಪಂದ್ಯಕ್ಕೆ ಒಬ್ಬ ರೆಫ್ರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್ ಇರಬೇಕು. ಹೊಸಬರು ಸಹಾಯಕ ಸ್ಕೋರರ್ ಆಗಿಯೇ ಶುರು ಮಾಡಿ. ಔಟಾದವರು ಕೂರುವ ಜಾಗದ ಪಕ್ಕದಲ್ಲಿ ನಿಮ್ಮ ಸ್ಥಾನ. ಒಂದು ತಂಡ ಮಾತ್ರ ನಿಮ್ಮ ಹೊಣೆ. ಯಾರು ಮೊದಲು ಔಟಾದರು, ಯಾರು ಆಮೇಲೆ ಎಂದು ಎದೆಯ ನಂಬರ್ ಬರೆದುಕೊಳ್ಳುತ್ತಾ ಹೋಗುವುದು ಕೆಲಸ. ಅವರು ಅದೇ ಕ್ರಮದಲ್ಲಿ ಕೂರಬೇಕು, ತಮ್ಮ ತಂಡ ಎದುರಾಳಿಯನ್ನು ಔಟ್ ಮಾಡಿದಾಗ ಅದೇ ಕ್ರಮದಲ್ಲಿ ಒಳಗೆ ಹೋಗಬೇಕು. ನೋಡಲು ಸಣ್ಣ ಕೆಲಸ. ಆದರೆ ಎಷ್ಟೋ ಪಂದ್ಯಗಳು ತಿರುಗುವುದು ಇಲ್ಲಿಯೇ. ತಂಡದ ಒಳ್ಳೆಯ ರೈಡರ್ ಮೂರನೆಯವನಾಗಿ ಕೂತಿರುತ್ತಾನೆ. ಒಂದು ಪಾಯಿಂಟ್ ಬಂದ ಕೂಡಲೇ, ಗದ್ದಲದಲ್ಲಿ ಯಾರೂ ನೋಡಲಾರರು ಎಂದುಕೊಂಡು ಅವನೇ ಎದ್ದು ಒಳಗೆ ಓಡುತ್ತಾನೆ. ಬೇಕೆಂದೇ ಮಾಡಿರಬಹುದು, ಉತ್ಸಾಹದಲ್ಲಿ ಆಗಿರಬಹುದು. ನಿಮ್ಮ ಪಟ್ಟಿ ಸರಿಯಿದ್ದರೆ ಅಂಪೈರಿಗೆ ಆ ಕ್ಷಣದಲ್ಲೇ ತೋರಿಸಬಹುದು. ಪಟ್ಟಿ ಇಲ್ಲದಿದ್ದರೆ ಬಾಯಿಮಾತಿನ ವಾದವಾಗುತ್ತದೆ.

ಸ್ಕೋರರ್ ಆದಾಗ ಬರುವ ಲೆಕ್ಕ ಇನ್ನೂ ಸೂಕ್ಷ್ಮ. ರೈಡರ್ ಒಬ್ಬರನ್ನು ಮುಟ್ಟಿ ಬಂದರೆ ಒಂದು ಪಾಯಿಂಟ್, ಹೊರಗೆ ಕೂತವರಲ್ಲಿ ಒಬ್ಬರು ಒಳಗೆ. ಇದು ಎಲ್ಲರಿಗೂ ಗೊತ್ತು. ಎಡವುವುದು ಮುಂದೆ. ಎದುರು ಅಂಕಣದಲ್ಲಿ ಆರು ಅಥವಾ ಏಳು ಜನ ಇದ್ದಾಗ ಮಾತ್ರ ಬೋನಸ್ ಗೆರೆಗೆ ಬೆಲೆ. ಬೋನಸ್‌ಗೆ ಪಾಯಿಂಟ್ ಉಂಟು, ಆದರೆ ಅದಕ್ಕಾಗಿ ಯಾರೂ ಒಳಗೆ ಬರುವಂತಿಲ್ಲ. ರೈಡರ್ ಬೋನಸ್ ಗೆರೆ ದಾಟಿ ಒಬ್ಬನನ್ನು ಮುಟ್ಟಿ ಬಂದರೆ ಎರಡು ಪಾಯಿಂಟ್, ಒಳಗೆ ಹೋಗುವುದು ಒಬ್ಬನೇ. ಗೆರೆ ದಾಟಿದ ಮೇಲೆ ಸಿಕ್ಕಿಬಿದ್ದರೆ ಬೋನಸ್ ರೈಡರ್ ತಂಡಕ್ಕೆ, ಹಿಡಿದ ಪಾಯಿಂಟ್ ಎದುರಾಳಿಗೆ. ಎರಡೂ ಕಡೆ ಬರೆಯಬೇಕು. ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾಗ ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದು ಪಾಯಿಂಟ್ ಹೆಚ್ಚು. ಆ ಹೆಚ್ಚಿನ ಪಾಯಿಂಟ್‌ಗೂ ಯಾರೂ ಒಳಗೆ ಬರುವುದಿಲ್ಲ. ಎದುರು ತಂಡ ಪೂರ್ತಿ ಔಟಾದರೆ ಲೋನಾ, ಎರಡು ಪಾಯಿಂಟ್. ಎದುರಲ್ಲಿ ಉಳಿದಿದ್ದ ಇಬ್ಬರನ್ನೂ ಒಂದೇ ರೈಡಿನಲ್ಲಿ ಮುಟ್ಟಿ ಬಂದರೆ ಎರಡಕ್ಕೆ ಎರಡು ಸೇರಿ ನಾಲ್ಕು. ಗದ್ದಲದಲ್ಲಿ ಎರಡೇ ಬರೆದು ಮುಂದೆ ಹೋಗುವ ಸ್ಕೋರರ್‌ಗಳನ್ನು ನೋಡಿದ್ದೇನೆ. ಎರಡು ಪಾಯಿಂಟಿನಲ್ಲಿ ಸೋಲುವ ತಂಡಕ್ಕೆ ಅದು ಇಡೀ ವರ್ಷದ ಪ್ರಶ್ನೆ.

ಲೆಕ್ಕ ತಪ್ಪಿದೆಯೇ ಎಂದು ಕಂಡುಹಿಡಿಯಲು ಸುಲಭದ ದಾರಿ ಒಂದಿದೆ. ಅಂಕಣದಲ್ಲಿರುವವರು ಮತ್ತು ನಿಮ್ಮ ಹಾಳೆಯ ಪ್ರಕಾರ ಇನ್ನೂ ಔಟಾಗಿ ಕೂತಿರಬೇಕಾದವರು ಸೇರಿ ಯಾವಾಗಲೂ ಏಳು ಆಗಬೇಕು. ಆಟ ನಿಂತ ಪ್ರತಿ ಸಲವೂ ಎರಡೂ ಕಡೆ ತಲೆ ಎಣಿಸಿ. ಒಂದು ಹೆಚ್ಚು ಕಡಿಮೆ ಬಂದರೆ ಬೋನಸ್‌ಗೆ ಯಾರನ್ನೋ ಒಳಗೆ ಬಿಟ್ಟಿದ್ದೀರಿ, ಇಲ್ಲವೇ ಪಾಯಿಂಟ್ ಕೊಟ್ಟು ಒಳಗೆ ಬಿಡುವುದನ್ನು ಮರೆತಿದ್ದೀರಿ. ಆಗಲೇ ರೆಫ್ರಿಗೆ ಹೇಳಿ. ಹತ್ತು ರೈಡ್ ಆದ ಮೇಲೆ ಹೇಳಿದರೆ ಸರಿಪಡಿಸಲು ಆಗುವುದಿಲ್ಲ.

ಗಡಿಯಾರದ ವಿಷಯಕ್ಕೆ ಬರೋಣ. ಪುರುಷರಿಗೆ 20 ನಿಮಿಷದ ಎರಡು ಅವಧಿ, ಮಹಿಳೆಯರಿಗೆ ಮತ್ತು ಚಿಕ್ಕ ಮಕ್ಕಳಿಗೆ 15 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು. ಹೋಬಳಿ ಕೂಟದಲ್ಲಿ ತಂಡಗಳು ಹೆಚ್ಚಿದ್ದರೆ ಹೊತ್ತು ಸಾಲದೆ ಅವಧಿಯನ್ನು ಕಡಿಮೆ ಮಾಡುವುದೂ ಉಂಟು. ಒಂದು ರೈಡಿಗೆ 30 ಸೆಕೆಂಡು. ಟೈಮ್ ಔಟ್ ಕೇಳಿದಾಗ, ಗಾಯವಾದಾಗ ರೆಫ್ರಿ ಹೇಳಿದರೆ ಮಾತ್ರ ಗಡಿಯಾರ ನಿಲ್ಲಿಸಬೇಕು, ಅವರು ಹೇಳಿದಾಗಲೇ ಶುರು ಮಾಡಬೇಕು. ಅವಧಿ ಮುಗಿಯುವ ಹೊತ್ತಿಗೆ ರೈಡ್ ನಡೆಯುತ್ತಿದ್ದರೆ ಆ ರೈಡ್ ಪೂರ್ತಿಯಾಗಲು ಬಿಡಬೇಕು. ಸಮಯ ಆಯಿತೆಂದು ನಡುವೆಯೇ ಉದ್ದ ಸೀಟಿ ಊದಿ ರೈಡರನ್ನು ನಿಲ್ಲಿಸಿದರೆ ಆ ಪಾಯಿಂಟ್ ಕಸಿದಂತೆ. ಎರಡನೇ ಅವಧಿಯ ಕೊನೆಯ ಐದು ನಿಮಿಷದಲ್ಲಿ ಉಳಿದ ಸಮಯವನ್ನು ನಿಮಿಷಕ್ಕೊಮ್ಮೆ ಎರಡೂ ತಂಡಗಳಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿ.

ಬೋನಸ್ ಇದೆಯೇ, ಸೂಪರ್ ಟ್ಯಾಕಲ್ ಲೆಕ್ಕಕ್ಕಿದೆಯೇ, ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕೆಂಬ ನಿಯಮ ಇದೆಯೇ, ಅವಧಿ ಎಷ್ಟು ನಿಮಿಷ, ಸಮ ಬಂದರೆ ಏನು: ಇವಿಷ್ಟನ್ನು ಪಂದ್ಯಕ್ಕೆ ಮೊದಲೇ ರೆಫ್ರಿಯಿಂದ, ಎರಡೂ ತಂಡದ ನಾಯಕರ ಎದುರೇ ಕೇಳಿ ಶೀಟಿನ ಮೇಲ್ಭಾಗದಲ್ಲಿ ಬರೆದುಕೊಳ್ಳಿ. ಇದರ ಬೆಲೆ ತಿಳಿಯಬೇಕಾದರೆ 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಡೆದ ಪುರುಷರ ಕಬಡ್ಡಿ ಫೈನಲ್ ನೆನಪಿಸಿಕೊಳ್ಳಿ. ಭಾರತ ಮತ್ತು ಇರಾನ್ 28–28. ಎರಡು ನಿಮಿಷವೂ ಉಳಿದಿರಲಿಲ್ಲ. ಭಾರತದ ರೈಡರ್ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಅಂಕಣದ ಅಂಚಿನ ಲಾಬಿಗೆ ಕಾಲಿಟ್ಟರು, ಇರಾನಿನ ಆಟಗಾರರು ಹಿಂದೆಯೇ ನುಗ್ಗಿದರು. ಹಳೆಯ ನಿಯಮದಂತೆ ಒಂದು ಲೆಕ್ಕ, ಹೊಸ ನಿಯಮದಂತೆ ಇನ್ನೊಂದು. ತೀರ್ಪು ಒಮ್ಮೆ ಹೀಗೆ, ಒಮ್ಮೆ ಹಾಗೆ ಬದಲಾಗಿ, ಆಟಗಾರರು ಅಂಕಣದಲ್ಲೇ ಕೂತು, ಆಟ ಹತ್ತಿರಹತ್ತಿರ ಒಂದು ಗಂಟೆ ನಿಂತಿತು. ಕೊನೆಗೆ ಭಾರತ 33–29ರಿಂದ ಗೆದ್ದಿತು. ಏಷ್ಯಾದ ದೊಡ್ಡ ವೇದಿಕೆಯಲ್ಲೇ ಹೀಗಾದ ಮೇಲೆ ಹೋಬಳಿ ಮೈದಾನದಲ್ಲಿ ಮೊದಲೇ ಬರೆದಿಟ್ಟುಕೊಂಡ ನಾಲ್ಕು ಸಾಲು ಎಷ್ಟು ಕಾಪಾಡುತ್ತದೆಂದು ಹೇಳಬೇಕಾಗಿಲ್ಲ.

ಖೋ ಖೋದಲ್ಲಿ ಗಡಿಯಾರದ್ದೇ ಆಟ

ಕಬಡ್ಡಿಯಲ್ಲಿ ಸ್ಕೋರರ್ ಮುಖ್ಯನಾದರೆ ಖೋ ಖೋದಲ್ಲಿ ಟೈಮ್‌ಕೀಪರ್. ಒಂದು ತಂಡ ಬೆನ್ನಟ್ಟುವ ಸರದಿ 9 ನಿಮಿಷ, ಚಿಕ್ಕ ಮಕ್ಕಳಿಗೆ 7 ನಿಮಿಷ. ಕಾಪಾಡಿಕೊಳ್ಳುವ ತಂಡದಿಂದ ಮೂವರು ಮೂವರಾಗಿ ಒಳಗೆ ಬರುತ್ತಾರೆ. ಪ್ರತಿಯೊಬ್ಬ ಓಟಗಾರ ಎಷ್ಟು ಹೊತ್ತು ಸಿಗದೆ ಓಡಿದ ಎಂಬುದನ್ನು ಬರೆಯಬೇಕು. ಔಟ್ ಆದ ಸೀಟಿ ಕೇಳಿದ ಕೂಡಲೇ ಟೈಮ್‌ಕೀಪರ್ ‘ಒಂದು ನಿಮಿಷ ನಲವತ್ತು’ ಎಂದು ಗಟ್ಟಿಯಾಗಿ ಹೇಳಬೇಕು, ಪಕ್ಕದಲ್ಲಿ ಕೂತ ಸ್ಕೋರರ್ ಅದನ್ನೇ ಬಾಯಿಬಿಟ್ಟು ಹೇಳಿಕೊಂಡು ಬರೆಯಬೇಕು. ಒಬ್ಬರು ಹೇಳಿ ಇನ್ನೊಬ್ಬರು ಸುಮ್ಮನೆ ಬರೆದರೆ ನಲವತ್ತು ಹದಿನಾಲ್ಕಾಗುವುದು ನಿಮಿಷದ ಕೆಲಸ. ಮೂವರೂ ಔಟಾಗಿ ಮುಂದಿನ ಮೂವರು ಬಂದಾಗ ಗಡಿಯಾರ ನಿಲ್ಲಿಸಬೇಡಿ. ಸರದಿಯ ಸಮಯ ಓಡುತ್ತಲೇ ಇರುತ್ತದೆ. ಒಳಗೆ ಬಂದ ಹೊತ್ತನ್ನು ಬರೆದುಕೊಂಡು ಔಟಾದ ಹೊತ್ತಿನಿಂದ ಕಳೆದರೆ ಅವರ ಓಟದ ಸಮಯ ಸಿಗುತ್ತದೆ.

ಕೊನೆಯ ಸರದಿಯಲ್ಲಿ ಬೆನ್ನಟ್ಟುವ ತಂಡ ಬೇಕಾದ ಪಾಯಿಂಟ್ ದಾಟಿದ ಗಳಿಗೆಯನ್ನು ತಪ್ಪದೆ ಗುರುತಿಸಿ. ಇಂತಿಷ್ಟು ಪಾಯಿಂಟ್, ಇಂತಿಷ್ಟು ನಿಮಿಷ ಬಾಕಿ ಇರುವಂತೆ ಗೆಲುವು ಎಂದೇ ಫಲಿತಾಂಶ ಬರೆಯುತ್ತಾರೆ.

ಖೋ ಖೋ ಬಗ್ಗೆ ನಮ್ಮ ಮಕ್ಕಳಿಗೆ ಈಗ ಹೊಸ ಹುರುಪಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ಪುರುಷರ, ಮಹಿಳೆಯರ ಎರಡೂ ಕಪ್ ಭಾರತಕ್ಕೆ ಬಂದವು. ಆ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಇದ್ದರು. ಅವರಂತೆ ಆಡಬೇಕೆಂದು ಓಡುವ ಹುಡುಗಿ ತಾನು ಎರಡು ನಿಮಿಷ ಇಪ್ಪತ್ತು ಸೆಕೆಂಡು ಸಿಗದೆ ನಿಂತೆನೆಂದು ತಿಳಿದುಕೊಂಡು ಮನೆಗೆ ಹೋಗಬೇಕು. ಬಾಯಲ್ಲಿ ಚೆನ್ನಾಗಿ ಆಡಿದೆ ಎಂದರೆ ಅವಳಿಗೆ ಸಾಲದು.

ವಾಲಿಬಾಲ್, ಥ್ರೋಬಾಲ್ ಮೇಜು ಇವುಗಳಿಗಿಂತ ಹಗುರ. ವಾಲಿಬಾಲ್‌ನಲ್ಲಿ ಸೆಟ್ 25 ಪಾಯಿಂಟ್, ಎರಡರ ಅಂತರ ಬೇಕು; ಸರ್ವೀಸ್ ಮಾಡುವವರ ಕ್ರಮವನ್ನು ಆಟ ಶುರುವಾಗುವ ಮುಂಚೆ ಬರೆದಿಟ್ಟುಕೊಂಡು ಪ್ರತಿ ಸರ್ವೀಸಿಗೂ ನೋಡುತ್ತಿದ್ದರೆ ಸಾಕು.

ನೂರು ಮೀಟರ್, ಕೈ ಗಡಿಯಾರ

ಓಟಗಳಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು ಕಿವಿಯನ್ನು ನಂಬುವುದು. ಗಡಿಯಾರ ಹಿಡಿದವರು ನಿಲ್ಲುವುದು ಮುಕ್ತಾಯದ ಗೆರೆಯ ಬಳಿ, ಓಟ ಶುರುವಾಗುವುದು ನೂರು ಮೀಟರ್ ಆಚೆ. ಸದ್ದು ಅಷ್ಟು ದೂರ ಬರಲು ಸುಮಾರು 0.3 ಸೆಕೆಂಡು ಬೇಕು. ಅದಕ್ಕೇ ನಿಯಮ ಹೇಳುವುದು ಪಿಸ್ತೂಲಿನ ಹೊಗೆ ಅಥವಾ ಮಿಂಚು ಕಂಡೊಡನೆ ಒತ್ತಿ ಎಂದು. ನಮ್ಮ ಶಾಲಾ ಕೂಟಗಳಲ್ಲಿ ಪಿಸ್ತೂಲ್ ಇಲ್ಲದೆ ಸೀಟಿ ಊದುವುದೇ ಹೆಚ್ಚು. ಹಾಗಿದ್ದರೆ ಸ್ಟಾರ್ಟರ್ ಕೈಯಲ್ಲಿ ಬಾವುಟ ಹಿಡಿದು ಸೀಟಿಯ ಜೊತೆಗೇ ಕೆಳಗಿಳಿಸಲಿ ಎಂದು ಕೇಳಿಕೊಳ್ಳಿ. ನೀವು ಬಾವುಟ ನೋಡಿ ಒತ್ತಿ.

ನಿಲ್ಲಿಸುವಾಗ ಓಟಗಾರನ ಎದೆಯ ಭಾಗ ಗೆರೆಯನ್ನು ತಲುಪಿದ್ದನ್ನು ನೋಡಬೇಕು. ತಲೆ, ಕೈ, ಕಾಲು ಲೆಕ್ಕಕ್ಕಿಲ್ಲ. ಕೈ ಗಡಿಯಾರದ ಸಮಯವನ್ನು ಯಾವಾಗಲೂ ಮುಂದಿನ ಹತ್ತನೇ ಒಂದು ಸೆಕೆಂಡಿಗೆ ಏರಿಸಿ ಬರೆಯುತ್ತಾರೆ: 13.41 ಬಂದರೆ 13.5. ಮೂವರು ಗಡಿಯಾರ ಹಿಡಿದಿದ್ದು ಇಬ್ಬರದು ಒಂದೇ ಬಂದರೆ ಅದೇ ಸಮಯ; ಮೂರೂ ಬೇರೆಯಾದರೆ ನಡುವಿನದು; ಇಬ್ಬರೇ ಇದ್ದು ಎರಡೂ ಬೇರೆಯಾದರೆ ಹೆಚ್ಚಿನದು. ಪಕ್ಕದವರ ಗಡಿಯಾರ ನೋಡಿ ನಿಮ್ಮದನ್ನು ಹೊಂದಿಸಬೇಡಿ. ಮುಖ್ಯಸ್ಥರಿಗೆ ತೋರಿಸುವ ತನಕ ಯಾರಿಗೂ ಹೇಳಬೇಡಿ. ಯಾರು ಮೊದಲು, ಯಾರು ಎರಡನೆಯವರು ಎಂದು ಹೇಳುವುದು ಗೆರೆಯ ತೀರ್ಪುಗಾರರ ಕೆಲಸ, ಗಡಿಯಾರದವರದಲ್ಲ. ಆದರೆ ಹೀಟ್ಸ್ ನಡೆದು ಸಮಯದ ಮೇಲೆ ಫೈನಲ್‌ಗೆ ಆರಿಸುವಾಗ ನಿಮ್ಮ ಹೆಬ್ಬೆರಳೇ ನಿರ್ಧರಿಸುತ್ತದೆ. ಅಂಥ ಸಂದರ್ಭದಲ್ಲಿ ಎಲ್ಲ ಹೀಟ್ಸ್‌ಗೂ ಅದೇ ಜನ ಗಡಿಯಾರ ಹಿಡಿಯಬೇಕು. ಊಟಕ್ಕೆ ಹೋಗಿಬರುತ್ತೇನೆಂದು ನಡುವೆ ಬೇರೆಯವರ ಕೈಗೆ ಕೊಡಬಾರದು.

ಯಾವ ಆಟಕ್ಕೆ ಕೂತರೂ ಸಾಮಾನು ಹೆಚ್ಚು ಬೇಡ. ಆಷಾಢ, ಶ್ರಾವಣದಲ್ಲಿ ನಮ್ಮ ಬಯಲಿನ ಗಾಳಿ ಎಂಥದೆಂದು ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳೇ ಹೇಳುತ್ತವೆ. ಬಿಡಿ ಹಾಳೆ ಹಿಡಿದು ಕೂತರೆ ಹಾರಿ ಕೆರೆ ಸೇರುತ್ತದೆ. ಕ್ಲಿಪ್ ಇರುವ ಎಕ್ಸಾಂ ಪ್ಯಾಡ್ ಬೇಕು, ಕೆಳತುದಿಗೂ ಒಂದು ಕ್ಲಿಪ್. ಜೆಲ್ ಪೆನ್ ಬೇಡ, ಸೋನೆ ಬಿದ್ದರೆ ಶಾಯಿ ಹರಡುತ್ತದೆ. ಬಾಲ್ ಪೆನ್ ಎರಡು. ಮೇಲೆ ಹೊದಿಸಲು ಪ್ಲಾಸ್ಟಿಕ್ ಹಾಳೆ. ಮೊಬೈಲಿನ ಸ್ಟಾಪ್‌ವಾಚ್ ಆಗುತ್ತದೆ, ಆದರೆ ಅದನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಆಟದ ನಡುವೆ ಕರೆ ಬಂದರೆ ಕಷ್ಟ. ಪಕ್ಕದಲ್ಲಿ ಇನ್ನೊಂದು ಗಡಿಯಾರ ಓಡುತ್ತಿರಲಿ.

ಮೇಜಿನ ನಡತೆ

ನಿಮ್ಮ ಮಗು ಅಥವಾ ನಿಮ್ಮೂರ ಶಾಲೆ ಆಡುವ ಪಂದ್ಯಕ್ಕೆ ಕೂರಬೇಡಿ. ನೀವು ಎಷ್ಟೇ ನಿಷ್ಠುರರಾಗಿದ್ದರೂ ಸೋತವರು ಹಾಗೆ ನೋಡುವುದಿಲ್ಲ. ಬೇರೆ ಪಂದ್ಯ ಕೇಳಿ ಪಡೆಯಿರಿ. ಮೇಜಿನ ಸುತ್ತ ಒಂದು ಹಗ್ಗ ಕಟ್ಟಿಸಿ. ‘ಏ ಅಣ್ಣಾ, ಎಷ್ಟಾಯ್ತು?’ ಎಂದು ಹೆಗಲ ಮೇಲೆ ಬಾಗುವವರು ಬಂದರೆ ಒಂದು ರೈಡ್ ನಿಮ್ಮ ಕಣ್ಣು ತಪ್ಪಿರುತ್ತದೆ. ಸ್ಕೋರನ್ನು ದೊಡ್ಡದಾಗಿ ಬರೆದ ಹಲಗೆಯನ್ನು ಜನರ ಕಡೆಗೆ ತಿರುಗಿಸಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ತಕರಾರು ಇದ್ದರೆ ತಂಡದ ನಾಯಕ ರೆಫ್ರಿಗೆ ಹೇಳಬೇಕು, ರೆಫ್ರಿ ನಿಮಗೆ ಹೇಳಬೇಕು. ಗುಂಪಿನ ಮಾತು ಕೇಳಿ ಒಂದು ಅಂಕಿಯನ್ನೂ ಬದಲಿಸಬಾರದು, ಅವರು ಹೇಳುವುದೇ ಸರಿ ಎಂದು ನಿಮಗೆ ಅನ್ನಿಸಿದರೂ. ಅನ್ನಿಸಿದ್ದನ್ನು ರೆಫ್ರಿಗೆ ಹೇಳಿ, ಆಟ ನಿಂತಾಗ.

ಮೇಜು ಗಟ್ಟಿಯಾಗಿ ನಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಬ್ಯಾಸ್ಕೆಟ್‌ಬಾಲ್ ಫೈನಲ್ ಇದೆ. ಅಮೆರಿಕ 50–49ರಿಂದ ಮುಂದಿತ್ತು. ಉಳಿದದ್ದು ಮೂರು ಸೆಕೆಂಡು. ಟೈಮ್ ಔಟ್ ಗೊಂದಲ, ಸರಿಯಾಗಿ ಹಿಂತಿರುಗಿಸದ ಗಡಿಯಾರ, ಮೇಜಿನತ್ತ ಕೂಗಾಟ. ಆ ಮೂರು ಸೆಕೆಂಡನ್ನು ಮತ್ತೆ ಮತ್ತೆ ಆಡಿಸಿ ಸೋವಿಯತ್ ತಂಡ 51–50ರಿಂದ ಗೆದ್ದಿತು. ಅಮೆರಿಕದ ಆಟಗಾರರು ಬೆಳ್ಳಿ ಪದಕವನ್ನು ತೆಗೆದುಕೊಳ್ಳಲೇ ಇಲ್ಲ.

ಬರೆದದ್ದು ತಪ್ಪಾದರೆ ವೈಟ್ನರ್ ಹಚ್ಚಬೇಡಿ, ಗೀಚಿ ಕಪ್ಪು ಮಾಡಬೇಡಿ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ರೆಫ್ರಿಯ ಕಿರುಸಹಿ ಹಾಕಿಸಿ. ಹಳೆಯ ಅಂಕಿ ಓದಲು ಬರಬೇಕು. ಬದಲಿಸಿದ್ದು ಏಕೆಂದು ನಾಳೆ ಯಾರಾದರೂ ಕೇಳಿದರೆ ಹಾಳೆಯೇ ಉತ್ತರ ಕೊಡಬೇಕು. ಅವಧಿ ಮುಗಿದ ಕೂಡಲೇ ಮೊತ್ತ ಹಾಕಿ, ಇಬ್ಬರು ಬೇರೆ ಬೇರೆಯಾಗಿ ಕೂಡಿ ನೋಡಿ.

ಶೀಟಿನಲ್ಲಿ ಮಕ್ಕಳ ಹೆಸರು, ಹುಟ್ಟಿದ ದಿನ, ಶಾಲೆ ಇರುತ್ತದೆ. ಅದರ ಫೋಟೊ ತೆಗೆದು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಗೆದ್ದ ತಂಡದ ಹೆಸರು ಹಾಕಿ, ಅಷ್ಟು ಸಾಕು. ದೈಹಿಕ ಶಿಕ್ಷಕರು ದಾಖಲೆಗೆಂದು ಫೋಟೊ ಬೇಕೆಂದರೆ ಅವರ ಮೊಬೈಲಿನಲ್ಲೇ ತೆಗೆಯಲಿ.

ಒಂದೆರಡು ವರ್ಷ ಹೀಗೆ ಕೂತು ಕೈ ಪಳಗಿದ ಮೇಲೆ ಇದನ್ನೇ ಮುಂದುವರಿಸಬೇಕೆನಿಸಿದರೆ ಕಬಡ್ಡಿ, ಖೋ ಖೋ, ಅಥ್ಲೆಟಿಕ್ಸ್ ಸಂಸ್ಥೆಗಳು ತೀರ್ಪುಗಾರರಿಗೆ ನಡೆಸುವ ಪರೀಕ್ಷೆಗಳ ಬಗ್ಗೆ ಜಿಲ್ಲೆಯ ಹಿರಿಯ ದೈಹಿಕ ಶಿಕ್ಷಕರನ್ನು ವಿಚಾರಿಸಿ. ಹೆಣ್ಣುಮಕ್ಕಳು ವಿಚಾರಿಸಲೇಬೇಕು. ಹುಡುಗಿಯರ ಪಂದ್ಯಗಳು ಹೆಚ್ಚುತ್ತಿವೆ, ಮೇಜಿನ ಹಿಂದೆ ಮೇಡಂಗಳು ಈಗಲೂ ಕಡಿಮೆ. ಔಟಾದ ಹುಡುಗಿ ಕೂತ ಜಾಗದ ಪಕ್ಕ ಒಬ್ಬ ಅಕ್ಕ ಪ್ಯಾಡ್ ಹಿಡಿದು ಕೂತಿದ್ದರೆ, ಗಾಯವಾದರೂ, ಹೊಟ್ಟೆನೋವಾದರೂ ಆ ಮಗು ಬಾಯಿಬಿಟ್ಟು ಹೇಳುತ್ತದೆ.

ಮೊದಲ ದಿನ ಪಂದ್ಯಕ್ಕೆ ಅರ್ಧ ಗಂಟೆ ಮೊದಲೇ ಹೋಗಿ. ಎರಡೂ ತಂಡಗಳ ಪಟ್ಟಿ ತೆಗೆದುಕೊಂಡು ಎದೆಯ ನಂಬರ್ ಒಂದೊಂದಾಗಿ ತಾಳೆ ಹಾಕಿ. ಒಂದೇ ನಂಬರ್ ಇಬ್ಬರಿಗೆ ಇದ್ದರೆ ಆಗಲೇ ಬದಲಿಸಲು ಹೇಳಿ. ಪಂದ್ಯ ಮುಗಿದ ಮೇಲೆ ರೆಫ್ರಿ, ಅಂಪೈರ್‌ಗಳ ಸಹಿ ಹಾಕಿಸಿ ಹಾಳೆಯನ್ನು ಕೂಟದ ಉಸ್ತುವಾರಿ ಶಿಕ್ಷಕರ ಕೈಗೇ ಕೊಡಿ. ಮಕ್ಕಳ ಕೈಯಲ್ಲಿ ಕಳಿಸಬೇಡಿ.